ಏಳನೆಯ ಸೂಚನೆ

ನಮ್ಮ ಭಾವನಷ್ಟು ನೀಟಾಗಿ ಬ್ಲೇಡು ಹಿಡಿಯುವವರನ್ನು ನಾನು ಕಂಡಿಲ್ಲ. ಗಡ್ಡ ಬೋಳಿಸುವ ವಿಷಯ ಹೇಳುತ್ತಿಲ್ಲ. ಅದರಲ್ಲಿ ಅವರು ವಾರಕ್ಕೆರಡು ಸಲವಾದರೂ ಕೆನ್ನೆ ಕುಯ್ದುಕೊಂಡು, ನನ್ನ ಅಂಗಡಿಯ ಹತ್ತಿ ಅಂಟಿಸಿಕೊಂಡೇ ಆಫೀಸಿಗೆ ಹೋಗುತ್ತಿದ್ದರು. ನಾನು ಹೇಳುತ್ತಿರುವುದು ನಕ್ಷೆಯ ವಿಷಯ. ಶಾಲೆ ಕಟ್ಟಡಗಳ ನಕ್ಷೆ ತಯಾರಿಸುವ ಸರ್ಕಾರಿ ಆಫೀಸಿನಲ್ಲಿ ಅವರು ಡ್ರಾಫ್ಟ್ಸ್‌ಮನ್. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಬೆಳಕು ಹಾಯುವಂಥ ತೆಳು ಹಾಳೆಯ ಮೇಲೆ ಮಸಿಯಲ್ಲಿ ಗೆರೆ ಎಳೆಯಬೇಕು, ತಪ್ಪಾದರೆ ಅರ್ಧ ಬ್ಲೇಡು ಹಿಡಿದು ಕೆರೆದು ತೆಗೆಯಬೇಕು. ಬೇರೆಯವರು ಕೆರೆದರೆ ಹಾಳೆ ಜುಂಗೇಳುತ್ತಿತ್ತು, ಬೆಳಕಿಗೆ ಹಿಡಿದರೆ ಮಚ್ಚೆ ಕಾಣುತ್ತಿತ್ತು. ಭಾವ ಕೆರೆದು, ಉಗುರಿನ ಬೆನ್ನಿನಿಂದ ಒಮ್ಮೆ ಉಜ್ಜಿಬಿಟ್ಟರೆ, ಅಲ್ಲಿ ಗೆರೆ ಇತ್ತೆಂದು ಅದನ್ನು ಎಳೆದವನೇ ಆಣೆ ಮಾಡಿ ಹೇಳಲಾರ. ಆಫೀಸಿನವರೆಲ್ಲ ತಮ್ಮ ತಪ್ಪುಗಳನ್ನು ಹೊತ್ತುಕೊಂಡು ಅವರ ಮೇಜಿಗೇ ಬರುತ್ತಿದ್ದರು. ಇವರೂ ಬಿಗುಮಾನ ಮಾಡುತ್ತಾ, ಒಳಗೊಳಗೇ ಹಿಗ್ಗುತ್ತಾ ತೆಗೆದುಕೊಡುತ್ತಿದ್ದರು.

ಅವರಿಗೆ ಲೋಕದಲ್ಲಿ ಶಾಲೆಯ ಕೋಣೆ ಬಿಟ್ಟರೆ ಬೇರೆ ವಿಷಯವೇ ಇಲ್ಲ. ಊಟಕ್ಕೆ ಕೂತರೂ ಅದೇ.

"ಕಿಟಕಿ ನೆಲದ ಐದನೇ ಒಂದು ಭಾಗ ಇರ್ಬೇಕು ಕಣಯ್ಯಾ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗ್ಬೇಕು, ಇಲ್ದಿದ್ರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ತೂಕಡಿಸ್ತವೆ. ಬೆಳಕು ಎಡ ಭುಜದ ಮೇಲಿಂದ ಬೀಳ್ಬೇಕು. ಯಾಕೆ ಹೇಳು? ಬರೆಯೋ ಕೈ ನೆರಳು ಪುಸ್ತಕದ ಮೇಲೆ ಬೀಳಬಾರ್ದು."

"ಎಡಗೈಲಿ ಬರೆಯೋ ಮಗು ಏನ್ಮಾಡ್ಬೇಕು ಭಾವ?" ಎಂದು ನಾನು ಸುಮ್ಮನೆ ಕೆಣಕಿದೆ.

ಮೂರು ದಿನ ನನ್ನ ಜೊತೆ ಮಾತಿಲ್ಲ. ನಾಲ್ಕನೇ ದಿನ ಅಂಗಡಿಗೆ ಬಂದು, ಕೂರದೆಯೇ, "ಬಲಗಡೆ ಗೋಡೆಗೂ ಮೇಲ್ಗಡೆ ಕಿಟಕಿ ಕೊಟ್ಟಿದೀನಿ. ಈಗ ಎಡಚನಿಗೂ ತೊಂದ್ರೆ ಇಲ್ಲ," ಎಂದು ಹೇಳಿ ಹೋದರು. ಅಂಥ ಮನುಷ್ಯ. ಕಂಡು ಕೇಳರಿಯದ ಮಗುವೊಂದಕ್ಕಾಗಿ ಮೂರು ದಿನ ನಿದ್ದೆಗೆಟ್ಟಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವರ ಮೇಲೆ ಹರಿಹಾಯುತ್ತೇನೆ.

ಇಷ್ಟೆಲ್ಲಾ ಬಲ್ಲವರು, ತಾವು ಬರೆದ ಒಂದು ಶಾಲೆಯೊಳಗೂ ಕಾಲಿಟ್ಟವರಲ್ಲ. ಅವರ ಆಫೀಸಿನ ಪದ್ಧತಿಯೇ ಹಾಗೆ. ಬರೆಯುವವರು ಎತ್ತರದ ಸ್ಟೂಲಿನ ಮೇಲೆ ಕೂತು ಬರೆಯಬೇಕು. ಕಟ್ಟುವ ಜಾಗಕ್ಕೆ ಹೋಗುವವರು ಬೇರೆ, ಸಹಿ ಹಾಕುವವರು ಬೇರೆ, ಉದ್ಘಾಟನೆಯ ದಿನ ಹಾರ ಹಾಕಿಸಿಕೊಳ್ಳುವವರು ಇನ್ನೂ ಬೇರೆ. ಭಾವ ಬರೆದ ಮಾದರಿ ನಕ್ಷೆ ಒಂದೇ ಒಂದು. ಆರು ಕೋಣೆ, ಒಂದು ಜಗಲಿ, ಹಿಂದೆ ಶೌಚಾಲಯ. ಎಲ್ಲಿ ಶಾಲೆ ಮಂಜೂರಾದರೂ ಅದರ ಪ್ರತಿ ತೆಗೆದು ಕಳಿಸಿಬಿಡುವುದು. ಹೀಗೆ ಹತ್ತು ವರ್ಷದ ಹಿಂದೆ ನನ್ನ ಅಕ್ಕ ಪಾಠ ಮಾಡುವ ಹಳೇ ಶಾಲೆಯನ್ನು ಕೆಡವಿ, ಅದೇ ಜಾಗದಲ್ಲಿ ಭಾವನ ನಕ್ಷೆಯ ಪ್ರಕಾರ ಹೊಸದನ್ನು ಕಟ್ಟಿದರು.

ಅಕ್ಕನಿಗೆ ಆಗ ಹಿಡಿಸಲಾರದಷ್ಟು ಸಂಭ್ರಮ. ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುವುದು ಅವಳ ಕೆಲಸ. ಅದು ಬಾಯಿಂದಲೇ ಆಗಬೇಕಾದ ಕೆಲಸ. ಅವಳು ಹೇಳಬೇಕು, ನಲವತ್ತು ಮಕ್ಕಳು ಹೇಳಬೇಕು, ಮತ್ತೆ ಅವಳು ಹೇಳಬೇಕು. "ನನ್ನ ಗಂಡ ಬರೆದ ಕೋಣೇಲಿ ಪಾಠ ಮಾಡ್ತೀನಿ," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು.

ನಂದು ಹಾಸಿಗೆ ಅಂಗಡಿ. ಹತ್ತಿ ಹಿಂಜುವುದು, ತುಂಬುವುದು, ದಬ್ಬಳ ಹಿಡಿದು ಹೊಲಿಯುವುದು. ಮೂರು ಗೋಡೆಗೂ ಸೂರಿನ ತನಕ ಹತ್ತಿ ಮೂಟೆ. ಹೊಸ ಶಾಲೆ ಬಂದು ಒಂದೆರಡು ವರ್ಷ ಕಳೆದ ಮೇಲೆ ಅಕ್ಕ ದಿನಾ ಶಾಲೆ ಬಿಟ್ಟವಳೇ ಮನೆಗೆ ಹೋಗದೆ ನನ್ನ ಅಂಗಡಿಗೆ ಬರತೊಡಗಿದಳು. ಒಂದು ಮೂಟೆಗೆ ಒರಗಿ ಅರ್ಧ ಗಂಟೆ ಕೂತು ಹೋಗುವುದು.

"ಮನೇಲಿ ಕೆಲಸ ಇಲ್ವೇನೇ ನಿಂಗೆ?" ಎಂದು ಛೇಡಿಸಿದರೆ, "ಇಲ್ಲಿ ಮಾತಾಡಿದ್ರೆ ಗಂಟಲು ನೋಯಲ್ಲ ಕಣೋ. ಮೆಲ್ಲಗೆ ಅಂದ್ರೂ ನಿಂಗೆ ಕೇಳುತ್ತೆ," ಎನ್ನುತ್ತಿದ್ದಳು.

ಹತ್ತಿ ಸದ್ದು ಕುಡಿಯುತ್ತದೆ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ನನ್ನ ಅಂಗಡಿಯಲ್ಲಿ ಜಗಳ ಆಡಿದರೂ ಬೀದಿಗೆ ಕೇಳುವುದಿಲ್ಲ. ಆದರೆ ಅಕ್ಕ ಹಾಗೆ ಹೇಳಿದಾಗ ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ. ಟೀಚರುಗಳಿಗೆ ಗಂಟಲು ಕಟ್ಟುವುದು ಮಾಮೂಲು ಎಂದುಕೊಂಡೆ. ವರ್ಷದಿಂದ ವರ್ಷಕ್ಕೆ ಅವಳ ದನಿ ಒಡೆಯುತ್ತಾ ಬಂತು. ಸೋಮವಾರ ಪರವಾಗಿಲ್ಲ, ಶುಕ್ರವಾರದ ಹೊತ್ತಿಗೆ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ರೆನ್ನುತ್ತಿತ್ತು. ಬಿಸಿನೀರು ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು. ಭಾವ ಮಾತ್ರ, "ನಮ್ಮನೆಯವಳು ಎಲ್ಲಾ ಮಾತನ್ನೂ ಶಾಲೇಲೇ ಖಾಲಿ ಮಾಡ್ಕೊಂಡು ಬರ್ತಾಳೆ, ನಂಗೆ ಅಂತ ಒಂದೂ ಉಳಿಸಲ್ಲ," ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಸದ್ದಿಲ್ಲದೆ.

ಕಳೆದ ವರ್ಷ ಒಂದು ದಿನ ತರಗತಿಯ ನಡುವೆ ದನಿ ಪೂರ್ತಿ ನಿಂತುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಭಾವ ಆಫೀಸಿನಲ್ಲಿದ್ದುದರಿಂದ ಗಂಟಲು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆತ ಮೂಗಿನೊಳಗಿಂದ ತೆಳ್ಳನೆಯ ನಳಿಗೆ ಬಿಟ್ಟು ನೋಡಿ, "ಎಷ್ಟು ವರ್ಷದಿಂದ ಕಿರುಚ್ತಾ ಇದೀರಿ?" ಎಂದು ಕೇಳಿದರು.

ಅಕ್ಕನಿಗೆ ಅವಮಾನವಾಯಿತು. "ನಾನು ಕಿರುಚಲ್ಲ ಡಾಕ್ಟ್ರೇ, ಪಾಠ ಮಾಡ್ತೀನಿ," ಎಂದು ಆ ಗಾಳಿಯಂಥ ದನಿಯಲ್ಲೇ ಹೇಳಿದಳು.

"ನಿಮ್ಮ ಗಂಟಲಿಗೆ ಎರಡೂ ಒಂದೇ ಅಮ್ಮಾ. ಸಲಿಕೆ ಹಿಡಿದೂ ಹಿಡಿದೂ ಕೈ ಜಡ್ಡು ಕಟ್ಟಲ್ವೇ, ಹಾಗೆ ಸ್ವರದ ತಂತಿ ಮೇಲೆ ಗಂಟು ಕಟ್ಟಿದೆ. ಆರು ವಾರ ಒಂದೇ ಒಂದು ಮಾತು ಆಡಬಾರ್ದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಆಮೇಲೆ ನೋಡೋಣ, ಕ್ಲಾಸಿಗೆ ಹೋಗೋಕೆ ಆಗುತ್ತೋ ಇಲ್ವೋ."

ಕೊನೆಯ ಆ ಮಾತಿಗೆ ಅಕ್ಕನ ಮುಖ ಕಪ್ಪಿಟ್ಟಿತು. ಅವಳಿಗೆ ಮಕ್ಕಳಿಲ್ಲ. ಇಪ್ಪತ್ತೆಂಟು ವರ್ಷದಿಂದ ಒಂದನೇ ತರಗತಿಯೇ ಅವಳ ಸಂಸಾರ. ಮನೆಗೆ ಬರುವ ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ, ನನಗೂ ಹೆದರಿಕೆಯಾಗಿತ್ತು.

ಮನೆಯಲ್ಲಿ ಅವಳು ಸ್ಲೇಟು ಹಿಡಿದಳು. ಭಾವನ ಅವಸ್ಥೆ ಮಾತ್ರ ನಗು ಬರಿಸುವಂತಿತ್ತು. ಹೆಂಡತಿಗೆ ಮಾತು ನಿಂತರೆ ಕಿವಿಯೂ ಮಂದವಾಯಿತೆಂದು ಅವರ ಮನಸ್ಸಿಗೆ ಹೇಗೋ ಅನಿಸಿಬಿಟ್ಟಿತ್ತು. "ಕಾಫಿ ಬೇಕಾ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಅಕ್ಕ ಸ್ಲೇಟಿನಲ್ಲಿ 'ನಾನು ಕಿವುಡಿ ಅಲ್ಲ' ಎಂದು ಬರೆದು ಮೂಗಿನ ಕೆಳಗೆ ಹಿಡಿಯುವಳು. ಮರುನಿಮಿಷ ಮತ್ತೆ ಅದೇ ಕೂಗು.

ಡಾಕ್ಟರ ಚೀಟಿ ಕೊಡಲು ನಾನು ಶಾಲೆಗೆ ಹೋದೆ. ಹೆಡ್ ಮಿಸ್ ನನ್ನನ್ನು ಅಕ್ಕನ ಕೋಣೆಗೇ ಕರೆದುಕೊಂಡು ಹೋದರು, ಬದಲಿ ಟೀಚರ್ ಸಿಗದೆ ಅಲ್ಲಿ ತಾವೇ ನಿಂತಿದ್ದರು. ಒಳಗೆ ಕಾಲಿಟ್ಟೆ, ಕಿವಿಗೆ ಹೊಡೆದ ಹಾಗಾಯಿತು. ಮಕ್ಕಳೇನೂ ಗಲಾಟೆ ಮಾಡುತ್ತಿರಲಿಲ್ಲ; ಅಲ್ಲೊಂದು ಪಿಸುಗುಟ್ಟು, ಇಲ್ಲೊಂದು ಬೆಂಚು ಸರಿದದ್ದು, ಯಾರೋ ನೀರಿನ ಡಬ್ಬಿ ಬೀಳಿಸಿದ್ದು. ಆದರೆ ಬಿದ್ದ ಡಬ್ಬಿಯ ಸದ್ದು ಅಲ್ಲಿಗೆ ಮುಗಿಯಲಿಲ್ಲ. ಸೂರಿಗೆ ಹೋಯಿತು, ಹಿಂದಿನ ಗೋಡೆಗೆ ಹೋಯಿತು, ತಿರುಗಿ ನನ್ನ ಮೇಲೇ ಬಂತು. ಹೆಡ್ ಮಿಸ್ ಹತ್ತು ಅಡಿ ದೂರದಿಂದ ನನಗೆ ಏನೋ ಹೇಳಿದರು, ಒಂದಕ್ಷರ ತಿಳಿಯಲಿಲ್ಲ. ಆಕೆ ಇನ್ನೂ ಜೋರಾಗಿ ಹೇಳಿದರು, ಅದಕ್ಕೆ ತಕ್ಕ ಹಾಗೆ ಮಕ್ಕಳೂ ಜೋರಾದರು. ನಾನು ಒಂದು ಚಪ್ಪಾಳೆ ತಟ್ಟಿದೆ. ಆ ಒಂದು ಚಪ್ಪಾಳೆಯನ್ನು ಕೋಣೆ ಎಷ್ಟೋ ಸಲ ತಟ್ಟಿತು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು, ಅಕ್ಕ ಇಷ್ಟು ವರ್ಷ ನನ್ನ ಹತ್ತಿ ಮೂಟೆಗಳ ನಡುವೆ ಯಾಕೆ ಬಂದು ಕೂರುತ್ತಿದ್ದಳೆಂದು. ನನ್ನ ಮೇಲೇ ನನಗೆ ಕೋಪ ಬಂತು, ಆಮೇಲೆ ಭಾವನ ಮೇಲೆ.

ಮರುದಿನ ಅವರಿಗೆ ಅರ್ಧ ದಿನ ರಜೆ ಹಾಕಿಸಿ ಎಳೆದುಕೊಂಡು ಹೋದೆ. "ನಾವು ಬರೆಯೋರು ಕಣಯ್ಯಾ, ನಾವು ಅಲ್ಲೆಲ್ಲ ಹೋಗಲ್ಲ," ಎಂದು ದಾರಿಯುದ್ದಕ್ಕೂ ರಾಗ ಎಳೆದರು. ಮಕ್ಕಳು ಊಟಕ್ಕೆ ಹೊರಗೆ ಹೋಗಿದ್ದ ಹೊತ್ತು. ತಾವು ಬರೆದ ಕೋಣೆಯೊಳಗೆ ಭಾವ ಬಾಳಿನಲ್ಲಿ ಮೊದಲ ಸಲ ಕಾಲಿಟ್ಟರು.

ಮೊದಲು ಅವರ ಮುಖ ಹೂವಾಯಿತು, ಸುಳ್ಳು ಹೇಳುವುದಿಲ್ಲ. ಜೇಬಿನಿಂದ ಟೇಪು ತೆಗೆದು ಕಿಟಕಿಯ ಕಟ್ಟೆ ಅಳೆದರು. "ನೋಡು, ಕೂದಲೆಳೆ ವ್ಯತ್ಯಾಸ ಇಲ್ಲ," ಎಂದರು. ಒಂದು ಪುಟ್ಟ ಬೆಂಚಿನಲ್ಲಿ ಕೂತು, ಬರೆಯುವ ಹಾಗೆ ಕೈಯಿಟ್ಟು, ನೆರಳು ಎಲ್ಲಿ ಬೀಳುತ್ತದೆಂದು ನೋಡಿದರು. ಬಲಗಡೆಯ ಎತ್ತರದ ಕಿಟಕಿ ನೋಡಿ ನನ್ನ ಕಡೆ ಹುಬ್ಬು ಹಾರಿಸಿದರು. ಆಮೇಲೆ ಎದ್ದು, ಕಪ್ಪು ಹಲಗೆಯ ಹತ್ತಿರ ಹೋಗಿ, "ಎಲ್ಲಾ ನಕ್ಷೆ ಪ್ರಕಾರವೇ ಇದೆಯಲ್ಲಯ್ಯಾ!" ಎಂದರು.

ಅವರ ಮಾತು ಅವರಿಗೇ ತಿರುಗಿ ಬಂತು.

ಅಷ್ಟರಲ್ಲಿ ಗಂಟೆ ಹೊಡೆದು ಮಕ್ಕಳು ನುಗ್ಗಿದರು. ನಲವತ್ತು ಮಕ್ಕಳ ಸದ್ದು ಆ ಕೋಣೆಯಲ್ಲಿ ನಾನೂರರದ್ದಾಯಿತು. ಭಾವ ಕಿವಿ ಮುಚ್ಚಿಕೊಳ್ಳಲಿಲ್ಲ. ತಲೆಯೆತ್ತಿ ಸೂರನ್ನೇ ನೋಡುತ್ತಿದ್ದರು. ಬರೀ ಕಾಂಕ್ರೀಟು, ಅದರ ಮೇಲೆ ಸುಣ್ಣ. ಹಿಂದಿನ ಗೋಡೆ ನೋಡಿದರು. ಅದೂ ಬರೀ ಗೋಡೆ. ಹೆಡ್ ಮಿಸ್ ಚಹಾ ಕುಡಿಯಲು ಕರೆದರೂ ನಿಲ್ಲದೆ, ಟೇಪನ್ನು ಬೆಂಚಿನ ಮೇಲೇ ಬಿಟ್ಟು ಹೊರಟುಹೋದರು.

ಮರುದಿನ ಸಂಜೆ ಅಂಗಡಿಗೆ ಬಂದರು. ಅಕ್ಕ ಕೂರುತ್ತಿದ್ದ ಮೂಟೆಯ ಮೇಲೇ ಕೂತರು. ಹತ್ತಿಯ ಎಳೆ ಕೀಳುತ್ತಾ ಹೇಳಿದರು.

"ಅಲ್ಲಿ ನಾರಿನ ಹಲಗೆ ಇರ್ಬೇಕಿತ್ತು. ಸೂರಿಗೆ, ಹಿಂದಿನ ಗೋಡೆಗೆ. ಸದ್ದು ಹೀರ್ಕೊಳ್ಳೋಕೆ. ನಕ್ಷೆ ಮೂಲೇಲಿ ಏಳು ಸೂಚನೆ ಇದ್ವು. ಏಳನೇದು ಅದೇ."

"ಮತ್ತೆ ಯಾಕೆ ಹಾಕಿಲ್ಲ? ಕಂಟ್ರಾಕ್ಟರ್ ನುಂಗಿದನಾ?"

"ಅವನ ತಪ್ಪೇನೂ ಇಲ್ಲ. ಅವನ ಕೈಗೆ ಹೋದ ಹಾಳೇಲಿ ಅದು ಇರ್ಲೇ ಇಲ್ಲ." ಭಾವ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಇಪ್ಪತ್ಮೂರು ವರ್ಷ ಆಯ್ತು. ನಮ್ಮಲ್ಲಿ ಹೊಸದಾಗಿ ಒಂದು ದೊಡ್ಡ ಹುದ್ದೆ ಮಾಡಿದ್ರು. ಹಾಳೆ ಮೂಲೇಲಿ ಸಹಿಗೆ ನಾಲ್ಕು ಚೌಕ ಇದ್ವು, ಐದನೇದು ಬೇಕಾಯ್ತು. ಜಾಗ ಇಲ್ಲ. ಆಗಿನ ಸಾಹೇಬ್ರು, 'ಕೊನೇ ಸೂಚನೆ ತೆಗೆದುಬಿಡಯ್ಯಾ, ಅದು ಹೇಗೂ ಸಾಮಾನಿನ ಬೇರೆ ಪಟ್ಟೀಲಿ ಬರುತ್ತೆ' ಅಂದ್ರು. ಸೂಚನೆ ಎಲ್ಲಾ ಪಕ್ಕಕ್ಕೆ ಸರಿಸಿ ಹೊಸದಾಗಿ ಬರೀಬಹುದಿತ್ತು. ಎರಡು ದಿನದ ಕೆಲಸ. ನಾನು ಬ್ಲೇಡು ತಗೊಂಡೆ. ಹತ್ತು ನಿಮಿಷ."

"ಬೇರೆ ಪಟ್ಟೀಲಿ ಬಂತಾ?"

"ನಾನು ನೋಡ್ಲಿಲ್ಲ ಕಣಯ್ಯಾ. ಅದು ನನ್ನ ಕೆಲಸ ಅಲ್ಲ ಅಂತ ಸುಮ್ನಾದೆ. ನಿನ್ನೆ ಆ ಸೂರು ನೋಡೋವರೆಗೂ ಅದು ನೆನಪಿಗೇ ಬಂದಿರ್ಲಿಲ್ಲ."

ಒಬ್ಬ ಅಧಿಕಾರಿಯ ಸಹಿಗೆ ಎರಡು ಬೆರಳಗಲ ಜಾಗ. ಅಷ್ಟಕ್ಕೆ. ಕೈಯಲ್ಲಿದ್ದ ದಬ್ಬಳ ಬಿಸಾಡಿ, "ಹಾಳೆ ಅಲ್ಲ ಭಾವ ನೀವು ಕೆರೆದದ್ದು, ನಮ್ಮಕ್ಕನ ಗಂಟಲು!" ಎಂದುಬಿಟ್ಟೆ. ಅವರು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ಬೆನ್ನು ನೋಡುತ್ತಾ ನಿಂತವನಿಗೆ ಅಯ್ಯೋ ಅನಿಸಿತು, ಆದರೆ ಕರೆಯಲಿಲ್ಲ.

ಆಫೀಸಿನಲ್ಲಿ ಆಗ ಅದೇ ನಕ್ಷೆಯ ಮೇಲೆ ಇನ್ನೂ ನಲವತ್ತು ಶಾಲೆಯ ಪ್ರತಿಗಳು ಹೊರಡುವುದರಲ್ಲಿದ್ದವು. ಭಾವ ಈಗಿನ ಸಾಹೇಬರ ಮುಂದೆ ನಿಂತು, ಹೀಗೆ ಹೀಗೆ, ಒಂದು ಸೂಚನೆ ಬಿಟ್ಟುಹೋಗಿದೆ, ಸೇರಿಸಬೇಕು ಎಂದರು. ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ. ಮೂಲ ಹಾಳೆ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಇಲ್ಲಿ ಏನೂ ಕೆರೆದ ಗುರುತೇ ಇಲ್ವಲ್ರೀ. ಒಳ್ಳೇ ಶುದ್ಧವಾಗಿದೆ ಹಾಳೆ."

"ಗುರುತು ಇರಲ್ಲ ಸಾರ್. ಕೆರೆದದ್ದು ನಾನು."

"ಹಳೇ ಪ್ರತಿ ಏನಾದ್ರೂ ಇದ್ರೆ ತನ್ನಿ, ಇದ್ದದ್ದನ್ನ ಮತ್ತೆ ಬರೆದ್ವಿ ಅಂತ ಇವತ್ತೇ ಸೇರಿಸ್ತೀನಿ. ಇಲ್ದಿದ್ರೆ ಅದು ಹೊಸ ಬದಲಾವಣೆ ಆಗುತ್ತೆ, ಮತ್ತೆ ಮೇಲಿನವರೆಗೂ ಹೋಗಿ ಬರ್ಬೇಕು. ಅಷ್ಟರಲ್ಲಿ ನಲವತ್ತೂ ಕಟ್ಟಿ ಮುಗಿದಿರುತ್ತೆ."

ಆಫೀಸಿನ ಹಳೇ ಪ್ರತಿಗಳೆಲ್ಲ ರದ್ದಿಗೆ ಹೋಗಿ ಯಾವ ಕಾಲವಾಯಿತೋ. ಆದರೆ ಒಂದು ಪ್ರತಿ ಎಲ್ಲಿದೆಯೆಂದು ಭಾವನಿಗೆ ಗೊತ್ತಿತ್ತು. ಮದುವೆ ಮಾತಾಡುತ್ತಿದ್ದ ದಿನಗಳಲ್ಲಿ, ಹೆಣ್ಣಿನ ಮನೆಗೆ ಬರಿಗೈಯಲ್ಲಿ ಹೇಗೆ ಹೋಗುವುದೆಂದು ತಾವು ಆಗಷ್ಟೇ ಮುಗಿಸಿದ ನಕ್ಷೆಯ ನೀಲಿ ಪ್ರತಿಯೊಂದನ್ನು ಸುರುಳಿ ಸುತ್ತಿಕೊಂಡು ಬಂದಿದ್ದರು. ನಾನಾಗ ಹುಡುಗ, ಹಣ್ಣೋ ಸಿಹಿಯೋ ತರುವುದು ಬಿಟ್ಟು ಕಾಗದ ತಂದಿದ್ದಾನಲ್ಲ ಈ ಪುಣ್ಯಾತ್ಮ ಎಂದು ನಗು ತಡೆಯಲಾಗಿರಲಿಲ್ಲ. ಅಕ್ಕ ಮಾತ್ರ ಅದನ್ನು ನೆಲದ ಮೇಲೆ ಹರಡಿ, ಮೂಲೆಯ ಸೂಚನೆಗಳನ್ನೆಲ್ಲ ಓದಿ, ಒಂದೊಂದರ ಅರ್ಥ ಕೇಳಿದ್ದಳು. ಅದನ್ನು ಮದುವೆಯಾದ ಮೇಲೆ ಅಡುಗೆಮನೆಯ ಬೀರುವಿನೊಳಗೆ, ಡಬ್ಬಿಗಳ ಕೆಳಗೆ ಹಾಸಿದಳು. ಇಪ್ಪತ್ತಾರು ವರ್ಷದಿಂದ ಅದು ಅಲ್ಲೇ ಇದೆ.

ಅದನ್ನು ತೆಗೆಯಬೇಕಾದರೆ ಅಕ್ಕನಿಗೆ ಹೇಳಬೇಕು. ಭಾವ ಎಂಟು ದಿನ ಒದ್ದಾಡಿದರು. ನಾನೂ ಅವರ ಪರವಾಗಿ ಹೇಳಲಿಲ್ಲ. ಅವರ ಬಾಯಿಂದಲೇ ಬರಲಿ ಎಂದು ಹಟ ಹಿಡಿದಿದ್ದೆ. ಭಾನುವಾರ ಬೆಳಿಗ್ಗೆ ಅವರ ಹಳೇ ಹಾಸಿಗೆಗೆ ಹತ್ತಿ ಬದಲಾಯಿಸಲೆಂದು ಹೋಗಿದ್ದೆ. ಅಕ್ಕ ಸ್ನಾನಕ್ಕೆ ಹೋದದ್ದೇ ತಡ, ಭಾವ ಬೀರು ತೆರೆದು ಒಂದೊಂದೇ ಡಬ್ಬಿ ಇಳಿಸತೊಡಗಿದರು. ಅಷ್ಟರಲ್ಲಿ ಅವಳು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದುಬಿಟ್ಟಳು. ಏನು ಎಂದು ಹುಬ್ಬಿನಲ್ಲೇ ಕೇಳಿದಳು.

"ಸಕ್ಕರೆ ಹುಡುಕ್ತಿದ್ದೆ."

ಅವಳು ಅವರ ಕೈಯಲ್ಲಿದ್ದ ಡಬ್ಬಿಯನ್ನು ತೋರಿಸಿದಳು. ಅದು ಸಕ್ಕರೆಯದ್ದೇ.

ಭಾವ ಡಬ್ಬಿ ಕೆಳಗಿಟ್ಟರು. ನೆಲದ ಮೇಲೇ ಕೂತು ಎಲ್ಲವನ್ನೂ ಹೇಳಿದರು. ಈ ಸಲ ಕೂಗಲಿಲ್ಲ. ಐದನೇ ಚೌಕ, ಹತ್ತು ನಿಮಿಷ, ನೋಡದೇ ಬಿಟ್ಟ ಪಟ್ಟಿ, ಒಂದನ್ನೂ ಬಿಡಲಿಲ್ಲ. ಅಕ್ಕ ನಿಂತೇ ಕೇಳಿದಳು. ಆಮೇಲೆ ಉಳಿದ ಡಬ್ಬಿಗಳನ್ನು ತಾನೇ ತೆಗೆದು, ಕಾಗದವನ್ನು ಮೆಲ್ಲಗೆ ಎಬ್ಬಿಸಿ, ನೆಲದ ಮೇಲೆ ಹರಡಿದಳು, ಅವತ್ತು ನಮ್ಮ ಮನೆಯಲ್ಲಿ ಹರಡಿದ ಹಾಗೆಯೇ. ಬಾಗಿಲ ಕಡೆಯ ಅಂಚು ಬಿಳಿಚಿತ್ತು. ಹಿಂದಿನ ಮೂಲೆ ಇನ್ನೂ ಕಡುನೀಲಿಯಾಗಿತ್ತು, ಒಂದು ಎಣ್ಣೆ ಡಬ್ಬಿಯ ದುಂಡನೆಯ ಕಲೆಯೊಳಗೆ ಏಳನೇ ಸೂಚನೆ ಅಚ್ಚುಕಟ್ಟಾಗಿ ಕೂತಿತ್ತು. 'ಸೂರಿನ ಒಳಮೈಗೂ ಹಿಂಗೋಡೆಯ ಮೇಲರ್ಧಕ್ಕೂ ನಾರಿನ ಹಲಗೆ ಹೊಂದಿಸತಕ್ಕದ್ದು.' ಭಾವನದೇ ದುಂಡು ಅಕ್ಷರ.

ಅವಳು ಬೈದಿದ್ದರೆ, ಅತ್ತಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅವಳು ಸ್ಲೇಟು ತೆಗೆದುಕೊಂಡು ಬರೆದಳು: 'ಎಷ್ಟು ಶಾಲೆ?'

"ಕೆರೆದ ಮೇಲೆ ಇಲ್ಲೀವರೆಗೆ ನೂರ ಎಪ್ಪತ್ಮೂರು," ಎಂದರು ಭಾವ.

ಅವಳು ಅದರ ಕೆಳಗೆ 173 ಎಂದು ಬರೆದಳು. ಪಕ್ಕದಲ್ಲಿ ಆರು ಕೋಣೆಯ ಆರು. ಮಕ್ಕಳಿಗೆ ತೋರಿಸುವ ಹಾಗೆ ಗೆರೆ ಎಳೆದು, ದಶಕ ಮೇಲಿಟ್ಟುಕೊಂಡು ಗುಣಿಸಿದಳು. 1038. ಸ್ಲೇಟನ್ನು ಭಾವನ ತೊಡೆಯ ಮೇಲಿಟ್ಟು ಒಳಗೆ ಹೋದಳು.

ಅಷ್ಟು ಕೋಣೆ, ಅಷ್ಟು ಟೀಚರುಗಳು. ಭಾವ ಆ ಸ್ಲೇಟನ್ನು ಹಿಡಿದುಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದರು. ನಾನು ಹಾಸಿಗೆ ಹೊಲಿಯಲಾಗದೆ ಎದ್ದು ಬಂದೆ.

ಅಂದಿನಿಂದ ಅಕ್ಕ ಅವರಿಗೆ ಸ್ಲೇಟಿನಲ್ಲಿ ಬರೆಯುವುದನ್ನೂ ನಿಲ್ಲಿಸಿದಳು. ಊಟ ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಬರೆಯುತ್ತಿರಲಿಲ್ಲ. ಸೋಮವಾರ ನೀಲಿ ಪ್ರತಿ ಆಫೀಸಿಗೆ ಹೋಯಿತು. ಸಾಹೇಬರು ಮಾತಿಗೆ ತಪ್ಪಲಿಲ್ಲ. ಏಳನೇ ಸೂಚನೆಯನ್ನು ಮೂಲ ಹಾಳೆಯಲ್ಲಿ ಭಾವನ ಕೈಯಲ್ಲೇ ಮತ್ತೆ ಬರೆಸಿದರು, ಸಹಿಯ ಚೌಕಗಳನ್ನು ಹಾಳೆಯ ಹಿಂಬದಿಗೆ ಕಳಿಸಿದರು. ಹೊಸ ನಲವತ್ತು ಶಾಲೆ ಉಳಿದುಕೊಂಡವು. ಯಾಕೆ ಬಿಟ್ಟುಹೋಗಿತ್ತೆಂದು ವಿವರಣೆ ಕೇಳಿದ್ದಕ್ಕೆ ಭಾವ 'ನಾನೇ ಕೆರೆದದ್ದು' ಎಂದಷ್ಟೇ ಬರೆದುಕೊಟ್ಟರು. ಹಳೇ ಸಾಹೇಬರ ಹೆಸರೆತ್ತಲಿಲ್ಲ. ಬರಬೇಕಾಗಿದ್ದ ಬಡ್ತಿ ನಿಂತಿತು. ಕಟ್ಟಿ ಮುಗಿದ ನೂರ ಎಪ್ಪತ್ಮೂರರ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಇವತ್ತಿಗೂ ಓಡಾಡುತ್ತಿದೆ.

ಅಕ್ಕನ ಕೋಣೆಯೊಂದನ್ನು ಮಾತ್ರ ನಾವು ಕಾಯಲಿಲ್ಲ. ಭಾವ ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ಚೌಕಟ್ಟುಗಳ ನಕ್ಷೆ ಬರೆದರು, ಅಳತೆ ಸಮೇತ, ಏಳು ಸೂಚನೆ ಸಮೇತ. ನಾನು ಹತ್ತಿ ದಟ್ಟವಾಗಿ ತುಂಬಿ, ಒಗೆಯಲು ಬಿಚ್ಚಬಹುದಾದ ಗವಸು ಹೊಲಿದೆ. ಎರಡು ಭಾನುವಾರ ಏಣಿ ಹತ್ತಿ ಸೂರಿಗೂ ಹಿಂದಿನ ಗೋಡೆಗೂ ಕಟ್ಟಿದೆವು. ಮುಗಿದ ಮೇಲೆ ಚಪ್ಪಾಳೆ ತಟ್ಟಿ ನೋಡಿದೆ. ಒಂದು ತಟ್ಟಿದರೆ ಒಂದೇ ಕೇಳಿಸಿತು. ಭಾವ ಏಣಿಯ ಮೇಲೇ ಕಣ್ಣೊರೆಸಿಕೊಂಡರು, ಧೂಳು ಎಂದರು.

ಆರು ವಾರ ಕಳೆಯಿತು. ಡಾಕ್ಟರು ನೋಡಿ, ಗಂಟು ಕರಗಿದೆ, ಆದರೆ ಒಂದು ತಂತಿ ಬಿರುಸಾಗಿಬಿಟ್ಟಿದೆ, ಅದು ಮೊದಲಿನ ಹಾಗಾಗುವುದಿಲ್ಲ ಎಂದರು. "ಮನೇಲಿ ಮೆಲ್ಲಗೆ ಮಾತಾಡಿ. ದನಿ ಏರಿಸದೆ ಕೊನೇ ಬೆಂಚಿಗೆ ಕೇಳಿಸುತ್ತೆ ಅಂದ್ರೆ ಕ್ಲಾಸಿಗೂ ಹೋಗಿ. ಏರಿಸಿದ್ರೋ, ಮನೇಲಿ ಆಡೋ ಮಾತೂ ಹೋಗುತ್ತೆ. ಈಗ್ಲೇ ಹೇಳಿರ್ತೀನಿ." ಅಷ್ಟರಲ್ಲಿ ಬದಲಿಗೆ ಹೊಸ ಟೀಚರೊಬ್ಬರು ಸಿಕ್ಕಿದ್ದರು, ಹೆಡ್ ಮಿಸ್ ಅದನ್ನೇ ಷರತ್ತು ಮಾಡಿದರು. ಒಂದು ದಿನ ಪಾಠ ಮಾಡಲಿ, ಕೊನೆಯ ಬೆಂಚಿನಲ್ಲಿ ದೊಡ್ಡವರು ಕೂತು ನೋಡಲಿ. ಅಲ್ಲಿ ಯಾರು ಕೂರಬೇಕೆಂದು ಕೇಳಿದಾಗ, ದನಿಯನ್ನು ಆ ದಿನಕ್ಕೆಂದೇ ಉಳಿಸಿಕೊಂಡಿದ್ದ ಅಕ್ಕ ಸ್ಲೇಟಿನಲ್ಲಿ 'ಅವರು' ಎಂದು ಬರೆದಳು. ತಿಂಗಳಾದ ಮೇಲೆ ಭಾವನ ಕುರಿತು ಅವಳು ಬರೆದ ಮೊದಲ ಪದ ಅದು.

ಆರು ಸಾಲು ಬೆಂಚು. ಆರನೆಯದರಲ್ಲಿ ನಾನೂ ಭಾವನೂ ಮೊಣಕಾಲು ಮಡಿಸಿಕೊಂಡು ಕೂತೆವು. ಕೇಳಿಸಿದರೆ ಭಾವ ಕೈ ಎತ್ತಬೇಕು, ಅಷ್ಟೇ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಕಥೆ ಪುಸ್ತಕ ಹಿಡಿದು, ಕಪ್ಪು ಹಲಗೆಯ ಮುಂದೆ ನಿಂತಳು. ಹೆಡ್ ಮಿಸ್ ಬಾಗಿಲಲ್ಲಿ ನಿಂತರು. ಮಕ್ಕಳು ತಮ್ಮ ಟೀಚರು ಬಂದರೆಂಬ ಖುಷಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು.

ಅವಳು ಓದತೊಡಗಿದಳು. ಮೊದಲ ಸಾಲಿನ ಮಕ್ಕಳು ನಕ್ಕರು. ಎರಡನೇ ಸಾಲು, ಮೂರನೇ ಸಾಲು ನಕ್ಕಿತು. ನಾಲ್ಕನೇ ಸಾಲಿನವರು ಒಂದು ಕ್ಷಣ ತಡವಾಗಿ ನಕ್ಕರು. ಐದನೇ ಸಾಲಿನವರು ಕತ್ತು ಚಾಚಿದರು. ನಮಗೆ ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಂದು ಮೆಲ್ಲನೆಯ ಗುನುಗು, ಅದರಲ್ಲಿ ಮಾತು ಬೇರೆಯಾಗಿ ಕೇಳಿಸುತ್ತಿರಲಿಲ್ಲ. ನಾರಿನ ಹಲಗೆಯಿದ್ದ ಕೋಣೆಯಲ್ಲಿ ಹತ್ತು ವರ್ಷದ ಹಿಂದೆ ಅವಳು ನಿಂತಿದ್ದರೆ, ಅವಳ ಆಗಿನ ದನಿ ಏರಿಸದೆಯೇ ಜಗಲಿಯವರೆಗೂ ಹೋಗುತ್ತಿತ್ತು.

ಅಕ್ಕ ಓದುವುದನ್ನು ನಿಲ್ಲಿಸಿ ಭಾವನನ್ನೇ ನೋಡಿದಳು. ಹೆಡ್ ಮಿಸ್ಸೂ ನೋಡಿದರು.

"ಎತ್ತಿ ಭಾವ," ಎಂದು ನಾನು ಅವರ ಪಕ್ಕೆಗೆ ತಿವಿದೆ. "ಎತ್ತಿಬಿಡಿ. ಮುಂದಿನದು ಆಮೇಲೆ ನೋಡ್ಕೊಳೋಣ. ಅವಳ ಮುಖ ನೋಡಿ."

ಅವರು ನೋಡುತ್ತಿದ್ದರು. ಅವರ ಬಲಗೈ ಬೆಂಚಿನ ಮೇಲಿತ್ತು, ಬ್ಲೇಡು ಹಿಡಿಯುವ ಕೈ. ಎತ್ತುವುದು ಎಷ್ಟು ಸುಲಭ ಎಂದು ನನಗೆ ಅನಿಸುತ್ತಿತ್ತು, ಹತ್ತು ನಿಮಿಷವೂ ಬೇಡ. ಅವರು ಎಡಗೈಯಿಂದ ಆ ಕೈಯನ್ನು ಒತ್ತಿ ಹಿಡಿದುಕೊಂಡರು. ಎತ್ತಲಿಲ್ಲ.

ಅಕ್ಕ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. ಬೆಂಚುಗಳ ನಡುವಿನ ದಾರಿಯಲ್ಲಿ ಮೆಲ್ಲಗೆ ನಡೆದು ಬಂದಳು, ಹೋಗುತ್ತಾ ಬರುತ್ತಾ ಮುಟ್ಟುವ ಅಭ್ಯಾಸದಿಂದ ಒಂದೊಂದು ಮಗುವಿನ ತಲೆ ಮುಟ್ಟುತ್ತಾ. ನಾನು ಎದ್ದು ಜಾಗ ಬಿಟ್ಟೆ. ಭಾವನ ಪಕ್ಕ ಕೂತಳು.

"ಈಗ ಕೇಳಿಸ್ತಾ ರೀ?" ಎಂದಳು.

"ಕೇಳಿಸ್ತು."

"ಉಳಿದಿರೋದು ಇಷ್ಟೇ."

ಭಾವ ಹೂಂ ಎಂದರು. ಅವಳು ಅವರ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಹೆಡ್ ಮಿಸ್ ಒಳಗೆ ಬಂದು, ಮೇಜಿನ ಮೇಲಿದ್ದ ಒಂದನೇ ತರಗತಿಯ ಹಾಜರಿ ಪುಸ್ತಕ ತೆಗೆದುಕೊಂಡು, ಹೊಸ ಟೀಚರನ್ನು ಕರೆಯಲು ಹೋದರು.